ಸ್ಕೂಟರಿನ ನೈವೇದ್ಯ

ಸಾಹೇಬರು ಒದ್ದೂ ಒದ್ದೂ ಬೆವೆತರು. ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಕಚೇರಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು.

‘ಪೆಟ್ರೋಲ್ ಖಾಲಿಯೇನೋ ಸಾರ್,’ ಅಂದ ಒಬ್ಬ ಗುಮಾಸ್ತ.

‘ನಾನೇನು ಅಷ್ಟು ದಡ್ಡನೇನಯ್ಯಾ? ಇನ್ನೊಮ್ಮೆ ಪೆಟ್ರೋಲ್ ಅಂದವನನ್ನ ಎತ್ತಂಗಡಿ ಮಾಡಿಸ್ತೀನಿ!’ ಎಂದು ಗುಡುಗಿದ ಸಾಹೇಬರು ಜವಾನನತ್ತ ತಿರುಗಿದರು. ‘ನೀನು ನೋಡು.’

ಜವಾನ ಗಾಡಿ ಅಲ್ಲಾಡಿಸಿದ. ಟ್ಯಾಂಕಿನಲ್ಲಿ ಸದ್ದೇ ಇಲ್ಲ.

‘ದೃಷ್ಟಿ ತಗಲಿದೆ ಸಾರ್. ಕಣ್ಣು ಮುಚ್ಚಿ ಕೈ ಮುಗೀರಿ.’

ಸಾಹೇಬರು ಕಣ್ಣು ಮುಚ್ಚಿ ಕೈ ಮುಗಿದರು. ಜವಾನ ನಿಂಬೆಹಣ್ಣು ನಿವಾಳಿಸಿದ. ತನ್ನ ಮೊಪೆಡ್ಡಿನಿಂದ ಬಾಟಲಿಗೆ ಬಸಿದು ತಂದದ್ದನ್ನು ಸ್ಕೂಟರಿನ ಟ್ಯಾಂಕಿಗೆ ಸುರಿದ. ಒಂದೇ ಒದೆತಕ್ಕೆ ಗಾಡಿ ಶುರುವಾಯಿತು.

ಸಾಹೇಬರು ಮೂಗರಳಿಸಿದರು. ‘ಅದೇನು ವಾಸನೆ?’

‘ನೈವೇದ್ಯ ಸಾರ್.’

‘ನೋಡಿದ್ರಾ, ಪೆಟ್ರೋಲ್ ಅಲ್ಲ ಅಂತ ನಾನಾಗಲೇ ಹೇಳಲಿಲ್ವಾ!’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸಾಹೇಬರು ಜವಾನನ ಕಿವಿಯತ್ತ ಬಾಗಿದರು. ‘ನೈವೇದ್ಯ ಎಲ್ಲೀತನಕ ಸಾಕಾಗುತ್ತೋ?’

‘ಬಂಕಿನ ತನಕ, ಸಾರ್.’