ಮೊಲದ ಬಿಲಕ್ಕೆ ಕರಡಿಯ ಕಾವಲು

ಬಿಲ ಕುಸಿದರೆ ಕಟ್ಟಿಕೊಡುತ್ತೇನೆಂದು ಕರಡಿ ಮಾತು ಕೊಟ್ಟಿದ್ದರಿಂದ ಮೊಲ ಪ್ರತಿ ಹುಣ್ಣಿಮೆಗೂ ಅದಕ್ಕೊಂದು ಬುಟ್ಟಿ ಗೆಣಸು ಒಪ್ಪಿಸುತ್ತಿತ್ತು. ಒಂದು ದಿನ ಮೊಲ ಒಳಗೆ ಮಲಗಿದ್ದಾಗ ಕಾಡುಹಂದಿಯೊಂದು ನುಗ್ಗಿ ಬಿಲವನ್ನು ತುಳಿದು ಕೆಡವಿತು. ಕರಡಿ ಅದನ್ನು ಸರಿಪಡಿಸಿ, "ಇನ್ನು ಮೇಲೆ ಎರಡು ಬುಟ್ಟಿ ಕೊಡಬೇಕು" ಎಂದಿತು.

"ತಪ್ಪು ಹಂದಿಯದಲ್ಲವೇ, ಕರಡಿಯಣ್ಣ?"

"ಹಂದಿಯದೇ. ನಿನ್ನದು ಎಳ್ಳಷ್ಟೂ ಇಲ್ಲ. ಆದರೆ ಒಮ್ಮೆ ಬಂದಲ್ಲಿಗೆ ಅದು ಇನ್ನೊಮ್ಮೆ ಬರಬಹುದು."

"ಹಾಗಾದರೆ ಒಂದೇ ಬುಟ್ಟಿಗೆ ಬಿಲ ನೋಡಿಕೊಳ್ಳುತ್ತಾನಾ ಎಂದು ತೋಳನನ್ನು ಕೇಳುತ್ತೇನೆ."

"ಕೇಳು. ನಿನ್ನ ಬಿಲಕ್ಕೆ ಹಂದಿ ನುಗ್ಗಿದ್ದನ್ನು ಅವನಿಗೂ ತಿಳಿಸಿದ್ದೇನೆ."

ಮೊಲ ಎರಡು ಬುಟ್ಟಿ ಹೊರತೊಡಗಿತು. ಮಳೆಗಾಲದಲ್ಲಿ ಹಂದಿ ಮತ್ತೆ ನುಗ್ಗಿತು. ಈ ಸಲ ಬಿಲದ ಜೊತೆಗೆ ಮೊಲದ ಕಾಲೂ ಮುರಿಯಿತು. ಹೇಳಿದರೆ ಮೂರು ಬುಟ್ಟಿಯಾದೀತೆಂದು ಮೊಲ ಯಾರಿಗೂ ಹೇಳದೆ, ಉಳಿದ ಕಾಲುಗಳಿಂದಲೇ ಮಣ್ಣು ತೋಡಿಕೊಂಡಿತು. ಹುಣ್ಣಿಮೆಯಂದು ಗೆಣಸು ಇಳಿಸಿ, ಕುಂಟುವುದು ಕಾಣದಂತೆ ನಿಂತಿತು.

"ಎಲ್ಲ ಕ್ಷೇಮವೇ?" ಎಂದು ಕರಡಿ ಕೇಳಿತು.

"ಕ್ಷೇಮ" ಎಂದಿತು ಮೊಲ.