ಕೂಗದ ಬಂಡೆ

ದುಗ್ಗವ್ವನನ್ನು ಚಾವಡಿಗೆ ಯಾರೂ ಕರೆಯಲಿಲ್ಲ. ಕರೆದೆವು, ಅವಳೇ ಬರಲಿಲ್ಲ ಎಂದು ಸುಳ್ಳು ಹೇಳಿ ಸೋಲಿಸಿದರು. ನಮ್ಮ ಹಿರೇಮಡ್ಡಿಯ ಹಿರಿಯರು ಈ ಮಾತನ್ನು ಕಥೆಯ ಕೊನೆಗೆ, ದನಿ ತಗ್ಗಿಸಿ ಹೇಳುತ್ತಾರೆ. ನಾನು ಮೊದಲೇ ಹೇಳಿಬಿಡುತ್ತೇನೆ.

ಬಂಡೆ ಊರಿನ ಪಡುವಣಕ್ಕೆ, ಕುಂಬಾರ ಕೇರಿಯ ಬೆನ್ನಿಗೆ ನಿಂತಿದೆ. ಹತ್ತುವುದಕ್ಕೆ ಇರುವುದು ಒಂದೇ ದಾರಿ. ಅದರ ಬುಡದಲ್ಲಿ ಸುಟ್ಟ ಮಣ್ಣಿನ ಮೂರು ಅಗಲವಾದ ಬಿಲ್ಲೆಗಳಿವೆ. ಹಿಂದೆ ಒಮ್ಮೆ, ಈ ಸೀಮೆ ಒಬ್ಬ ಪಾಳೆಯಗಾರನ ಕೈಯಲ್ಲಿದ್ದಾಗ, ಯಾರ ಮೇಲೆ ದೂರು ಬಂದರೂ ಚಾವಡಿಯ ಓಲೆಕಾರ ಈ ಬಂಡೆ ಹತ್ತಿ ಅವರ ಹೆಸರನ್ನು ಮೂರು ಸಲ ಕೂಗಬೇಕಿತ್ತು. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಎಲೆಯಡಿಕೆ ಅಗಿದು ಮುಗಿಸುವಷ್ಟು ಹೊತ್ತು ಕಾಯಬೇಕು. ಮೂರನೆಯ ಕೂಗಿಗೂ ಬಾರದವರು ಸೋತಂತೆ. ಆಮೇಲೆ ಚಾವಡಿಯಲ್ಲಿ ಅವರ ಮಾತು ನಡೆಯದು ಎನ್ನುತ್ತಾರೆ.

ದುಗ್ಗವ್ವ ಗಂಡ ಸತ್ತ ಮೇಲೂ ಮಡಕೆ ಮಾಡುವ ತಿಗರಿ ನಿಲ್ಲಿಸದ ಕುಂಬಾರ ಹೆಂಗಸು. ಕೆರೆಯಂಚಿನ ಮಣ್ಣಿನ ಗುಂಡಿ ಅವಳ ಮಾವನ ಕಾಲದಿಂದ ಅವಳ ಮನೆಗೆ ಸೇರಿದ್ದು. ಅದು ಹೋದರೆ ತಿಗರಿಯೂ ಹೋದಂತೆ. ಊರ ಗೌಡ ಬಸಲಿಂಗನಗೌಡ ಆ ಗುಂಡಿ ತನ್ನದೆಂದು ದೂರು ಕೊಟ್ಟ. ಅವಳು ಬಂದು ಬಾಯಿ ಬಿಟ್ಟರೆ ತಾನು ಗೆಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಓಲೆಕಾರ ಹುಚ್ಚೀರನನ್ನು ಮನೆಗೆ ಕರೆಸಿ, ಹೊಟ್ಟೆ ತುಂಬ ಉಣ್ಣಿಸಿ ಕಳಿಸಿದ. ಹುಚ್ಚೀರ ಚಾವಡಿಗೆ ಹೋಗಿ, ಅಂದು ಸೂರ್ಯ ಹುಟ್ಟುವಾಗ ಬಂಡೆ ಹತ್ತಿ ಮೂರು ಸಲ ಕೂಗಿದೆನೆಂದು ಹೊಸ್ತಿಲು ಮುಟ್ಟಿ ಆಣೆಯಿಟ್ಟ. ಮಧ್ಯಾಹ್ನ ಗೌಡನ ಆಳುಗಳು ಗುಂಡಿಗೆ ಮುಳ್ಳುಬೇಲಿ ಹಾಕಿದಾಗಲೇ ದುಗ್ಗವ್ವನಿಗೆ ತಾನು ಸೋತದ್ದು ತಿಳಿಯಿತು.

ಆದರೆ ಹುಚ್ಚೀರನಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಹಿಂದಿನ ಸಂಜೆ ದುಗ್ಗವ್ವ ಬಂಡೆಯ ದಾರಿಗೆ ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿಗೆ, ನೆನೆದ ಮಣ್ಣನ್ನು ಹದಕ್ಕೆ ಬರಲೆಂದು ಹರವಿದ್ದಳು. ಹರವಿದ ಮಣ್ಣನ್ನು ಒಂದು ಹಗಲು ಯಾರೂ ಮುಟ್ಟಬಾರದು, ಮೊದಲು ತುಳಿಯುವುದು ಮನೆಯೊಡತಿಯೇ ಎಂಬುದು ಕುಂಬಾರರ ಕಟ್ಟಳೆ. ಆ ಮಣ್ಣಿನ ಮೇಲೆ ಒಂದು ಹೆಜ್ಜೆಯೂ ಮೂಡಿರಲಿಲ್ಲ.

ಅವಳು ಪಾಳೆಯಗಾರ ಕೂತಿದ್ದ ಚಾವಡಿಗೆ ಓಡಿದಳು. ಬಂದು ಮಣ್ಣು ನೋಡಿರೆಂದು ಬೇಡಿದಳು. ಗೌಡ ನಕ್ಕು, "ಕುಂಬಾರರ ಕಿವಿಯೊಳಗೂ ಮಣ್ಣು ಮೆತ್ತಿಕೊಂಡಿರತೈತಿ, ದೊರೆ" ಎಂದ. ಕೂತವರೆಲ್ಲ ನಕ್ಕರು.

"ಕಿವಿ ಇರೂದು ನನಗೊಬ್ಬಾಕಿಗೇ ಅಲ್ಲಪ್ಪ" ಎಂದಳು ದುಗ್ಗವ್ವ. "ಕೇರಿಯಾಗ ನಲವತ್ತು ಮನಿ ಅದಾವು. ಅವರನ್ನ ಕೇಳ್ರಿ."

ಸೋತವಳ ಮಾತು ನಡೆಯದು, ಕೇರಿಯವರು ಯಾರಾದರೂ ಹೇಳಲಿ ಎಂದ ಪಾಳೆಯಗಾರ. ಕೇರಿಯವರು ಅಲ್ಲೇ ನಿಂತಿದ್ದರು. ಅಂದು ಬೆಳಿಗ್ಗೆ ಯಾವ ಕೂಗೂ ಕೇಳಿಲ್ಲವೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೌಡ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ. ಯಾರೂ ತುಟಿ ಬಿಚ್ಚಲಿಲ್ಲ. ದುಗ್ಗವ್ವನ ಸ್ವಂತ ಮೈದುನ ನೆಲ ನೋಡುತ್ತ ನಿಂತಿದ್ದ ಎನ್ನುತ್ತಾರೆ.

ಗುಂಡಿ ಹೋಯಿತು. ಅವಳು ಹರವಿದ ಮಣ್ಣಿನಿಂದಲೇ ಮೂರು ಬಿಲ್ಲೆ ಕತ್ತರಿಸಿದಳು, ಕೂಗದ ಒಂದೊಂದು ಕೂಗಿಗೆ ಒಂದೊಂದು. ಅವನ್ನು ತನ್ನ ಕೊನೆಯ ಆವಿಗೆಯಲ್ಲಿ ಸುಟ್ಟು ದಾರಿಯ ಬುಡದಲ್ಲಿ ಹೂತು, ಊರು ಬಿಟ್ಟಳು. ಎಲ್ಲಿಗೆ ಹೋದಳೋ ಯಾರಿಗೂ ತಿಳಿಯದು. ಅಲ್ಲಿಯವರೆಗೆ ಕೂಗುಬಂಡೆ ಎನಿಸಿಕೊಂಡಿದ್ದನ್ನು ಅಂದಿನಿಂದ ಜನ ಕೂಗದ ಬಂಡೆ ಎಂದರು. ಚಾವಡಿಯಲ್ಲಿ ಆಡದ ಮಾತನ್ನು ಅವಳು ಹೋದ ಮೇಲೆ ಬಂಡೆಗೆ ಹೆಸರಾಗಿ ಇಟ್ಟರು. ಅವಳಿಗೆ ಅದರಿಂದ ಏನು ಬಂತು?

ಇಂದಿಗೂ ಬಂಡೆ ಹತ್ತುವವರು ಆ ಮೂರು ಬಿಲ್ಲೆಗಳನ್ನು ತುಳಿಯದೆ ದಾಟುತ್ತಾರೆ. ಒಂದು ಸೀಳಿದೆ, ಎರಡು ನುಣ್ಣಗಿವೆ. ಇದನ್ನು ಭಕ್ತಿ ಎನ್ನುತ್ತಾರೆ. ನನಗೆ ಆ ಭಕ್ತಿ ಬೇಡ. ಇಂದೂ ನೋಟಿಸು ಮನೆಗೆ ತಾರದೆ, "ಬಾಗಿಲು ಹಾಕಿತ್ತು" ಎಂದು ಬರೆದುಕೊಂಡು ಹೋಗುವವರಿದ್ದಾರೆ. ಕೋರ್ಟು ಕರೆದದ್ದೇ ತಿಳಿಯದೆ ಮನೆ ಕಳೆದುಕೊಳ್ಳುವವರೂ ಇದ್ದಾರೆ. ನಿಮ್ಮ ನೆರೆಮನೆಗೆ ಹಾಗಾದರೆ ಬಿಲ್ಲೆಗೆ ಕೈ ಮುಗಿಯುತ್ತ ಕೂರಬೇಡಿ. ಅವರ ಜೊತೆ ಕೋರ್ಟಿಗೆ ಹೋಗಿ. "ಆ ದಿನ ಬಾಗಿಲು ತೆರೆದಿತ್ತು, ಯಾರೂ ಬರಲಿಲ್ಲ, ನಾನು ಅಲ್ಲೇ ಇದ್ದೆ" ಎಂದು ನಿಮ್ಮ ಹೆಸರು ಹೇಳಿ ಸಾಕ್ಷಿ ನುಡಿಯಿರಿ.