ಕೈಗೆ ಸಿಗದ ಪ್ರೋಟಾನು

ಪ್ರೊಫೆಸರ್ ವಾರಂಬಳ್ಳಿಯವರ ಸುರಂಗದಲ್ಲಿ ಪ್ರೋಟಾನುಗಳು ಸುತ್ತು ಹೊಡೆದು, ಒಂದಕ್ಕೊಂದು ಡಿಕ್ಕಿಯಾಗಿ ಪುಡಿಯಾಗುತ್ತಿದ್ದವು. ಹೆಚ್ಚಿನ ಚೂರುಗಳನ್ನು ಅವರು ನೋಡುತ್ತಲೂ ಇರಲಿಲ್ಲ. ಒಂದು ದಿನ ಆಕಾಶದಿಂದ ಬಂದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣವೊಂದು ಅವರ ಇನ್ನೊಂದು ಯಂತ್ರಕ್ಕೆ ಸುಮ್ಮನೆ ಸೋಕಿತು. ಪ್ರೊಫೆಸರು ಕುಣಿದಾಡಿಬಿಟ್ಟರು.

ಇನ್ನೂ ಪುಡಿಯಾಗದ ಒಂದು ಪ್ರೋಟಾನಿಗೆ ಮೈಯೆಲ್ಲ ಉರಿಯಿತು. ಗೋಡೆ ತೂರಿ ಬಂದ ಮತ್ತೊಂದು ನ್ಯೂಟ್ರಿನೊವನ್ನು ಅದು ಕೇಳಿತು: "ನಿಮ್ಮವರಿಗೆ ಯಾಕಯ್ಯಾ ಇಷ್ಟು ಮರ್ಯಾದೆ?"

"ನಾವು ಯಾರ ಕೈಗೂ ಸಿಗುವುದಿಲ್ಲ. ಈಗಷ್ಟೇ ಪ್ರೊಫೆಸರ ತಲೆಯೊಳಗಿಂದಲೇ ಹಾದು ಬಂದೆ. ಅವರಿಗೆ ಗೊತ್ತೇ ಆಗಲಿಲ್ಲ."

"ಹಾಗಾದರೆ ನಾನೂ ಸಿಗುವುದಿಲ್ಲ!" ಎಂದ ಪ್ರೋಟಾನು ಮರುಸುತ್ತಿನಲ್ಲಿ ಡಿಕ್ಕಿ ತಪ್ಪಿಸಿಕೊಂಡು ಓರೆಯಾಗಿ ಓಡಿತು.

ಪ್ರೊಫೆಸರು ಕುಣಿಯಲಿಲ್ಲ. "ಯಂತ್ರ ಕೆಟ್ಟಿದೆ, ಮೆಕ್ಯಾನಿಕ್ಕನ್ನು ಕರೆಯಿರಿ" ಎಂದರು.

"ನೆಂಟ ಬಾರದಿದ್ದರೆ ದಾರಿ ಕಾಯುತ್ತಾರೆ, ತಮ್ಮಾ. ಆಳು ಬಾರದಿದ್ದರೆ ಬೈಯುತ್ತಾರೆ" ಎಂದು ನ್ಯೂಟ್ರಿನೊ, ಓಡಿ ಬಂದ ಮೆಕ್ಯಾನಿಕ್ಕನ ಹೊಟ್ಟೆ ತೂರಿ ಹೊರಟುಹೋಯಿತು.